ಓಡಿಸುವ ಮೂರು ಕಾದಂಬರಿಗಳು: ಎರಡು ಸಲದ ಓದಿನ ಹೋಲಿಕೆ

ಹದಿಹರೆಯದ ಓದುಗರಿಗಾಗಿ ಬರೆದ ಡಿಸ್ಟೋಪಿಯನ್ (ದಬ್ಬಾಳಿಕೆಯ ಕರಾಳ ಭವಿಷ್ಯವನ್ನು ಕಲ್ಪಿಸುವ) ಸಾಹಸ ಕಾದಂಬರಿಗಳ ಪೈಕಿ ಹೆಸರು ಮಾಡಿದ ಮೂರನ್ನು, ಅಂದರೆ ಸುಸಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008), ಜೇಮ್ಸ್ ಡ್ಯಾಶ್ನರ್ ಅವರ ‘ದಿ ಮೇಜ್ ರನ್ನರ್’ (2009) ಮತ್ತು ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ಕೃತಿಗಳನ್ನು ಒಂದರ ಬೆನ್ನಿಗೊಂದು ಓದಿ, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಓದಿದೆ. ಮೊದಲ ಓದಿನಲ್ಲಿ ಮೂರೂ ಕೆಳಗಿಡಲು ಬಿಡಲಿಲ್ಲ. ಅವುಗಳ ಓಟಕ್ಕೆ ಕಾರಣ ಬೇರೆ ಬೇರೆ ಎಂಬುದು ಎರಡನೆಯ ಓದಿನಲ್ಲಿಯೇ ತಿಳಿಯಿತು.

ಬರೀ ವೇಗವನ್ನೇ ಅಳೆಯುವುದಾದರೆ ‘ದಿ ಮೇಜ್ ರನ್ನರ್’ ಮುಂದಿದೆ. ತನ್ನ ಹೆಸರೊಂದನ್ನು ಬಿಟ್ಟು ಬೇರೇನೂ ನೆನಪಿಲ್ಲದ ಥಾಮಸ್ ಕತ್ತಲ ಲಿಫ್ಟಿನಲ್ಲಿ ಎಚ್ಚರಗೊಳ್ಳುತ್ತಾನೆ. ಮೇಲೆ ಬಂದರೆ ಎತ್ತರದ ಗೋಡೆಗಳ ನಡುವೆ ಹುಡುಗರದ್ದೇ ಒಂದು ಊರು, ಸುತ್ತಲೂ ಚಕ್ರವ್ಯೂಹ. ಸಂಜೆ ಅದರ ಬಾಗಿಲುಗಳು ಮುಚ್ಚಿಕೊಳ್ಳುವ ಮುನ್ನ ಒಳಗೆ ಬಾರದವನ ಗತಿ ಮುಗಿದಂತೆಯೇ. ಅಧ್ಯಾಯಗಳು ಚಿಕ್ಕವು, ಹೆಚ್ಚಿನವು ಒಂದು ಪ್ರಶ್ನೆಯನ್ನೋ ಅಪಾಯವನ್ನೋ ಎದುರಿಗಿಟ್ಟು ಮುಗಿಯುತ್ತವೆ. ಇನ್ನೊಂದೇ ಅಧ್ಯಾಯ ಎನ್ನುತ್ತಾ ನಾನು ದೀಪ ಆರಿಸಿದ್ದು ನಡುರಾತ್ರಿ ಕಳೆದ ಮೇಲೆ. ಆದರೆ ಈ ಕುತೂಹಲದ ಬಹುಪಾಲು ಹುಟ್ಟುವುದು ಥಾಮಸ್ ಕೇಳಿದ್ದಕ್ಕೆಲ್ಲ ಉಳಿದವರು ‘ಆಮೇಲೆ ಹೇಳುತ್ತೇವೆ’ ಎಂಬ ಧಾಟಿಯಲ್ಲಿ ಜಾರಿಕೊಳ್ಳುವುದರಿಂದ. ಉತ್ತರ ಗೊತ್ತಿದ್ದು ಓದುವಾಗ ಆ ಜಾರಿಕೆ ಕಥೆಯ ಅಗತ್ಯವೆನಿಸದೆ ಲೇಖಕರ ಹಟವೆನಿಸಿ ಬೇಸರ ತರಿಸಿತು.

‘ದಿ ಹಂಗರ್ ಗೇಮ್ಸ್’ ಇದಕ್ಕೆ ತದ್ವಿರುದ್ಧ. ಹನ್ನೆರಡು ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿ, ಒಟ್ಟು 24 ಮಂದಿ ಕಣಕ್ಕಿಳಿದು ಒಬ್ಬರೇ ಉಳಿಯುವ ತನಕ ಕಾದಾಡಬೇಕೆಂಬ ನಿಯಮವನ್ನು ಕಾದಂಬರಿ ಆರಂಭದಲ್ಲಿಯೇ ಬಿಚ್ಚಿಡುತ್ತದೆ. ಪುಸ್ತಕದ ಮೂರನೆಯ ಒಂದು ಭಾಗ ಮುಗಿದರೂ ಕಾದಾಟ ಶುರುವಾಗುವುದಿಲ್ಲ, ಆದರೂ ಓದು ಎಲ್ಲಿಯೂ ಕುಂಟುವುದಿಲ್ಲ. ಅದರ ಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. ಕಣಕ್ಕಿಳಿಯುವವರನ್ನು ಆರಿಸುವುದು ಚೀಟಿ ಎತ್ತಿ. ಹನ್ನೆರಡು ತುಂಬಿದವರ ಹೆಸರಿನ ಒಂದು ಚೀಟಿ ಪ್ರತಿ ವರ್ಷ ಸೇರುವುದು ಕಡ್ಡಾಯ. ಒಬ್ಬರಿಗೆ ವರ್ಷಕ್ಕಾಗುವಷ್ಟು ಅಲ್ಪ ಕಾಳು, ಎಣ್ಣೆ ಬೇಕೆಂದರೆ ಇನ್ನೊಂದು ಚೀಟಿ ಹೆಚ್ಚು. ತನಗೆ, ತಾಯಿಗೆ, ತಂಗಿಗೆ ಎಂದು ಮೂರನ್ನು ಸೇರಿಸಿ ಕಥಾನಾಯಕಿ ಕ್ಯಾಟ್ನಿಸ್ ವರ್ಷಕ್ಕೆ ನಾಲ್ಕು ಚೀಟಿ ಹಾಕುತ್ತಾಳೆ. ಹಳೆಯವು ಉಳಿದುಕೊಂಡೇ ಬರುವುದರಿಂದ ಹದಿನಾರರ ಹೊತ್ತಿಗೆ ಅವು ಇಪ್ಪತ್ತಾಗುತ್ತವೆ. ತಂಗಿಯದು ಒಂದೇ ಒಂದು. ಚೀಟಿ ಎತ್ತುವಾಗ ನನ್ನ ಎದೆ ಹೊಡೆದುಕೊಂಡದ್ದು ಈ ಲೆಕ್ಕ ತಲೆಯಲ್ಲಿ ಕೂತಿದ್ದರಿಂದ. ಹಸಿವು ಇಲ್ಲಿ ಪ್ರತಿ ಪುಟದಲ್ಲಿಯೂ ಇದೆ: ಗೆಳೆಯ ಗೇಲ್ ಬಾಣಕ್ಕೆ ಸಿಕ್ಕಿಸಿ ತಂದ ಬೇಕರಿಯ ಬ್ರೆಡ್ಡನ್ನು ಕ್ಯಾಟ್ನಿಸ್ ಮೂಗಿಗೆ ಹಿಡಿದು ವಾಸನೆ ನೋಡುವ ಆರಂಭದ ದೃಶ್ಯವನ್ನು ಎರಡನೆಯ ಸಲ ನಿಧಾನವಾಗಿ ಓದಿದೆ.

‘ಡೈವರ್ಜೆಂಟ್’ ಕೂಡ ಕ್ಯಾಟ್ನಿಸ್‌ಳ ಕಥೆಯಂತೆಯೇ ಹದಿನಾರರ ಹುಡುಗಿಯೊಬ್ಬಳು ವರ್ತಮಾನಕಾಲದಲ್ಲಿ ಹೇಳಿಕೊಳ್ಳುವ ಕಥೆ, ನಡೆಯುವುದು ಭವಿಷ್ಯದ ಶಿಕಾಗೋದಲ್ಲಿ. ಇಡೀ ಸಮಾಜವನ್ನು ಐದು ಗುಣಗಳಿಗೆ ಐದು ಬಣಗಳೆಂದು ಹಂಚಿದ ಕಲ್ಪನೆಯನ್ನು ನಾನು ಕಡೆಗೂ ನಂಬಲಿಲ್ಲ. ತರಬೇತಿಯ ಅಧ್ಯಾಯಗಳು ಹೊಡೆದಾಟ, ಅಂಕಪಟ್ಟಿ, ಮತ್ತೆ ಹೊಡೆದಾಟ ಎಂದು ಸುತ್ತುತ್ತವೆ. ನಿಜವಾದ ಸಂಚು ಬಯಲಾಗುವ ಹೊತ್ತಿಗೆ ಉಳಿದ ಪುಟಗಳು ಸಾಲದೆ ಎಲ್ಲವೂ ಅವಸರದಲ್ಲಿ ಮುಗಿಯುತ್ತದೆ. ಆದರೂ ಬಣ ಆರಿಸುವ ಸಮಾರಂಭಕ್ಕೆ ಸಾಟಿಯಾದ ದೃಶ್ಯ ಉಳಿದೆರಡು ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ. ಕಥೆ ಹೇಳುವ ಬಿಯಾಟ್ರಿಸ್ ಅಂಗೈ ಕೊಯ್ದುಕೊಂಡು, ತಾನು ಹುಟ್ಟಿದ ಬಣದ ಬೂದುಬಣ್ಣದ ಕಲ್ಲುಗಳ ಬಟ್ಟಲಿಗೂ ಧೈರ್ಯವಂತರ ಬಣದ ಕೆಂಡದ ಬಟ್ಟಲಿಗೂ ನಡುವೆ ಕೈ ಚಾಚಿ ನಿಲ್ಲುತ್ತಾಳೆ, ಒಂದಷ್ಟು ರಕ್ತ ನೆಲಹಾಸಿಗೆ ಬೀಳುತ್ತದೆ, ಆಮೇಲೆ ಕೆಂಡ ಚುಂಯ್ ಎನ್ನುತ್ತದೆ. ಆಯ್ಕೆ ಏನಾಯಿತೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ.

ಒಂದೇ ರಾತ್ರಿಯಲ್ಲಿ ಮುಗಿಸುವ ಪುಸ್ತಕ ಬೇಕೆಂದವರಿಗೆ ನಾನು ಈಗಲೂ ‘ದಿ ಮೇಜ್ ರನ್ನರ್’ ಅನ್ನೇ ಕೊಡುತ್ತೇನೆ. ನಾನು ಮೂರನೆಯ ಸಲ ತೆರೆದದ್ದು ‘ದಿ ಹಂಗರ್ ಗೇಮ್ಸ್’ ಅನ್ನು. ‘ಡೈವರ್ಜೆಂಟ್’ನಲ್ಲಿ ಆ ಸಮಾರಂಭದ ಅಧ್ಯಾಯವನ್ನಷ್ಟೇ ಓದಿ ಮುಚ್ಚಿಟ್ಟೆ.