ಮಂಗನ ಕಾಯಿಲೆ ಪಾಠಕ್ಕೆ ಎಐ ಆ್ಯಪ್ ಮೇಲೋ, ಕೂಡು ತರಗತಿ ಮೇಲೋ?

ನಾನು ಶಿರಸಿಯವಳು, ಕರಾವಳಿಯಲ್ಲಿ ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಂಗನ ಕಾಯಿಲೆ ಅಂದರೆ ಉಣ್ಣೆ ಕಚ್ಚಿ ಹರಡುವ ವೈರಸ್ ಜ್ವರ. ಅದರ ಪಾಠವನ್ನು ಈ ಸಲ ಎರಡು ಬ್ಯಾಚಿಗೆ ಎರಡು ರೀತಿ ಮಾಡಿ ನೋಡಿದೆ. ಒಂದು ಬ್ಯಾಚಿಗೆ ಎಐ ಆ್ಯಪ್ ಕೊಟ್ಟು ನೀವೇ ಕೇಳಿ ಕಲಿಯಿರಿ ಎಂದೆ. ಇನ್ನೊಂದಕ್ಕೆ ಮೈಕ್ರೋಬಯಾಲಜಿ, ಮೆಡಿಸಿನ್, ಕಮ್ಯುನಿಟಿ ಮೆಡಿಸಿನ್ ಮೂವರೂ ಒಟ್ಟಿಗೆ ನಿಂತು, ಒಬ್ಬ ಪಶುವೈದ್ಯರನ್ನೂ ಸಿದ್ದಾಪುರ ಕಡೆಯ ಒಬ್ಬ ಆಶಾ ಕಾರ್ಯಕರ್ತೆಯನ್ನೂ ಕರೆಸಿ ಪಾಠ ಮಾಡಿದೆವು. ಅದೇ ಕೂಡು ತರಗತಿ.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಆ್ಯಪ್ ನಿಜಕ್ಕೂ ದೊಡ್ಡ ಆಸರೆ. ಮುಂಡಗೋಡ ಕಡೆಯ ಒಬ್ಬ ಹುಡುಗಿ ಮೊದಲ ವರ್ಷವಿಡೀ ಕ್ಲಾಸಲ್ಲಿ ಬಾಯಿ ಬಿಟ್ಟವಳಲ್ಲ. ಆ್ಯಪ್ ಹತ್ತಿರ ಮಾತ್ರ ‘ವೈರೀಮಿಯಾ ಅಂದರೆ ಏನು, ಇನ್ನೂ ಸುಲಭ ಮಾಡಿ ಹೇಳು’ ಅಂತ 6 ಸಲ ಕೇಳಿದ್ದಳು (ರಕ್ತದಲ್ಲಿ ವೈರಸ್ ಇರುವುದೇ ವೈರೀಮಿಯಾ). ನನ್ನ ಹತ್ತಿರ ಅಷ್ಟು ಸಲ ಕೇಳುತ್ತಿರಲಿಲ್ಲ. ಆದರೆ ಅದೇ ಆ್ಯಪ್, ಲಸಿಕೆ ವರ್ಷ ವರ್ಷ ಹಾಕಿಸಿಕೊಳ್ಳಬೇಕು ಅಂತಲೂ ಅವಳಿಗೆ ಹೇಳಿಬಿಟ್ಟಿತ್ತು. ಹಳೇ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು 2022ರಲ್ಲೇ ಅದನ್ನು ನಿಲ್ಲಿಸಿದ್ದಾರೆ. ಆ್ಯಪ್‌ನ ಕನ್ನಡವೂ ಹಾಗೆಯೇ. ‘ಪರಾವಲಂಬಿ ಕೀಟ ಕಚ್ಚಿದೆಯೇ’ ಅಂದರೆ ಯಾವ ರೋಗಿಗೆ ಅರ್ಥವಾಗುತ್ತದೆ? ಉಣ್ಣೆಗೆ ಘಟ್ಟದ ಮೇಲೆ ಹೇಳುವುದು ಉಣುಗು.

ಕೂಡು ತರಗತಿಯಲ್ಲಿ ಆಶಾ ಅಕ್ಕ ಹೇಳಿದ ಒಂದು ಮಾತು ನನಗೂ ಹೊಸದು. ‘ಕಾಡಿಗೆ ಹೋಗಿದ್ರಾ ಅಂತ ಕೇಳಬೇಡಿ, ಇಲ್ಲ ಅಂತಾರೆ. ದರಕು ತರೋಕೆ ಬೆಟ್ಟಕ್ಕೆ ಹೋಗಿದ್ರಾ ಅಂತ ಕೇಳಿ.’ ದರಕು ಅಂದರೆ ಉದುರಿದ ಒಣ ಎಲೆ. ಅದನ್ನೂ ಸೊಪ್ಪನ್ನೂ ತರುವ ಸೊಪ್ಪಿನ ಬೆಟ್ಟವನ್ನು ನಮ್ಮವರು ಕಾಡು ಅಂದುಕೊಳ್ಳುವುದೇ ಇಲ್ಲ, ಅಲ್ವಾ? ಪಶುವೈದ್ಯರು ಅಲ್ಲಿಂದ ಮುಂದುವರಿಸಿದರು. ದೊಡ್ಡ ಉಣುಗು ಮೇಯಲು ಹೋದ ದನದ ಮೈಮೇಲೆ ರಕ್ತ ಕುಡಿದು ಬೆಳೆಯುತ್ತವೆ, ಮನುಷ್ಯರಿಗೆ ಜಾಸ್ತಿ ಕಚ್ಚುವುದು ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು, ಮಂಗ ಸತ್ತರೆ ಅದರ ಮೈಮೇಲಿದ್ದವು ಇಳಿದು ಸುತ್ತ ಹರಡುತ್ತವೆ. ಇಷ್ಟೆಲ್ಲ ಒಂದೇ ಗಂಟೆಯಲ್ಲಿ ಒಂದಕ್ಕೊಂದು ಹೊಂದಿಕೊಂಡು ಬಂತು.

ಆದರೆ ಆ ಬ್ಯಾಚಲ್ಲಿ ಕಿವಿ ಮಂದ ಇರುವ ಒಬ್ಬ ಹುಡುಗನಿದ್ದಾನೆ. ಮಾತನ್ನು ಅಕ್ಷರ ಮಾಡಿ ತೋರಿಸುವ ಎಐ ಆ್ಯಪ್ ನೋಡಿಕೊಂಡೇ ಅವನು ಪಾಠ ಕೇಳುವುದು. ನಾನೊಬ್ಬಳೇ ಇಂಗ್ಲಿಷಿನಲ್ಲಿ ಮಾತಾಡಿದರೆ ಅದು ಬಹುಪಾಲು ಸರಿಯಾಗಿ ಬರೆಯುತ್ತದೆ. 5 ಜನ ಕನ್ನಡ, ಇಂಗ್ಲಿಷ್ ಬೆರೆಸಿ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದಾಗ ಪರದೆ ಮೇಲೆ ಬರೀ ಗೊಂದಲ. ದರಕು ಅನ್ನುವ ಪದ ಬರಲೇ ಇಲ್ಲ. ಎಲ್ಲರನ್ನೂ ಒಳಗೆ ಸೇರಿಸಬೇಕೆಂದು ಮಾಡಿದ ಕ್ಲಾಸಿನಲ್ಲಿ ಅವನೊಬ್ಬ ಹೊರಗುಳಿದ. ತುಂಬಾ ಬೇಜಾರಾಯಿತು. ತಪ್ಪು ನಮ್ಮದೇ.

ಯಾವುದಾದರೂ ಒಂದೇ ಆರಿಸಿ ಅಂದರೆ ನಾನು ಕೂಡು ತರಗತಿಯನ್ನೇ ಆರಿಸುತ್ತೇನೆ. ಎರಡೂ ಇದ್ದರೆ ಮೊದಲು ತರಗತಿ, ರಾತ್ರಿ ಆ್ಯಪ್. ಆಶಾ ಅಕ್ಕ ಹೇಳಿದ್ದನ್ನೆಲ್ಲ ಅದಕ್ಕೆ ಬರೆದುಕೊಟ್ಟು ‘ನೀನು ರೋಗಿ, ನಾನು ಡಾಕ್ಟರ್’ ಅಂತ ಮಕ್ಕಳು ಅಭ್ಯಾಸ ಮಾಡಿದರು. ಸುಮ್ನೆ ಓದುವುದಕ್ಕಿಂತ ಎಷ್ಟೋ ಮೇಲು.

ಮುಂದಿನ ಕೂಡು ತರಗತಿಗೆ ಒಂದೇ ಮೈಕ್ ಇಟ್ಟೆವು. ಮೈಕ್ ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು. ಊರಿನ ಪದಗಳ ಪಟ್ಟಿಯನ್ನು ಹಿಂದಿನ ದಿನವೇ ಆ ಹುಡುಗನಿಗೆ ಕೊಟ್ಟಿದ್ದೆವು. ಮೊದಲ ಪ್ರಶ್ನೆ ಅವನದೇ. ‘ಕೇಸು ಡಿಸೆಂಬರಿನಿಂದ ಮೇವರೆಗೆ ಜಾಸ್ತಿ ಅಂದಿರಿ. ಮರಿ ಉಣುಗು ಆಗ ಜಾಸ್ತಿ ಅಂತಲೋ, ಜನ ದರಕಿಗೆ ಹೋಗುವುದು ಆಗಲೇ ಅಂತಲೋ?’ ಎರಡೂ ಹೌದು ಅಂತ ಹೇಳಲು ಎದ್ದು ನಿಂತ ಪಶುವೈದ್ಯರು, ಮೈಕ್ ತಮ್ಮ ಕೈಗೆ ಬರುವವರೆಗೂ ಕಾದರು.