ಕುಶಾಲನಗರ: ಸೂಪರ್ ಮಾರ್ಕೆಟ್ ಮೇಲಿನ ಬಾಡಿಗೆ ಮನೆ

ಮೈಸೂರು-ಮಡಿಕೇರಿ ಹೆದ್ದಾರಿಗೆ ತಾಗಿಕೊಂಡ ಕಟ್ಟಡ. ನೆಲಮಹಡಿ, ಮೊದಲ ಮಹಡಿ ಪೂರ್ತಿ ಸೂಪರ್ ಮಾರ್ಕೆಟ್. ಅದರ ತಲೆ ಮೇಲೆ ನಮ್ಮ ಮನೆ.

ಮಳೆಗಾಲದಲ್ಲಿ ಇದರ ಸುಖವೇ ಬೇರೆ. ಜುಲೈ ಜಡಿಮಳೆಯಲ್ಲೂ ಕೊಡೆ ಬಿಚ್ಚದೆ ಹಾಲು, ಮೊಟ್ಟೆ ತರಬಹುದು. 2018, 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿತ್ತಲ್ವಾ? ಅದನ್ನು ಕಂಡ ನಮ್ಮತ್ತೆಗೆ ಮಹಡಿ ಮನೆ ಅಂದರೇನೇ ಧೈರ್ಯ. ಆದರೆ ಮೀಟರ್ ಬೋರ್ಡ್, ನೀರಿನ ಪಂಪು ಎರಡನ್ನೂ ಬೇಸ್‌ಮೆಂಟ್‌ನಲ್ಲಿ ಇಟ್ಟಿದ್ದಾರೆ. ಯಾರ ಐಡಿಯಾನೋ!

ದೊಡ್ಡ ತಲೆನೋವು ಶಬ್ದ. ಅಂಗಡಿಯ ಫ್ರೀಜರ್ ಕಂಪ್ರೆಸರ್‌ಗಳನ್ನು ಹಿಂದಿನ ಗೋಡೆಗೆ, ಸರಿಯಾಗಿ ನಮ್ಮ ಮಲಗುವ ಕೋಣೆಯ ಕೆಳಗೇ ಕೂರಿಸಿದ್ದಾರೆ. ಅವುಗಳ ಕೆಳಗೆ ರಬ್ಬರ್ ಪ್ಯಾಡ್ ಇಲ್ಲ. ಹಾಗಾಗಿ ಗುಂಯ್ ಅನ್ನುವ ಸದ್ದು ಗೋಡೆ ಹತ್ತಿ ಬಂದು ದಿಂಬಿಗೂ ತಾಗುತ್ತದೆ. ಕಿಟಕಿ ಮುಚ್ಚಿದರೂ ಸುಮ್ನೆ, ಪ್ರಯೋಜನ ಇಲ್ಲ. ಬೆಳಗಿನ ಜಾವ ತರಕಾರಿ ಲಾರಿ ಬಂದರೆ ಕ್ರೇಟ್ ಎಳೆಯುವ ಗದ್ದಲ ಬೇರೆ. ಗಾಳಿಮಳೆಗೆ ಕರೆಂಟ್ ಹೋದಾಗ ಜನರೇಟರ್ ಹೊಗೆ ನೇರ ಬಾಲ್ಕನಿಗೆ. ಜನರೇಟರ್ ಅಂಗಡಿಗೆ ಮಾತ್ರ, ನಮ್ಮ ಲಿಫ್ಟ್‌ಗೂ ಇಲ್ಲ. ಮಾಲೀಕರಿಗೆ ಹೇಳಿದರೆ "ನೋಡೋಣ" ಅನ್ನುತ್ತಾರೆ.

ಮನೆಗಳಿಗೆ ಬೇರೆ ಗೇಟು, ಬೇರೆ ಮೆಟ್ಟಿಲು ಇರುವುದು ಒಳ್ಳೆಯದೇ. ಭಾನುವಾರ ಮಾತ್ರ ಪ್ರವಾಸಿಗರ ಕಾರುಗಳು ಗೇಟಿಗೇ ಅಡ್ಡ ನಿಲ್ಲುತ್ತವೆ.

ಐದರಲ್ಲಿ ಮೂರು ಸ್ಟಾರ್. ಮನೆ ನೋಡಲು ಬರುವವರು ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಬನ್ನಿ. ರಸ್ತೆ ಕಡೆಯ ಮನೆಯನ್ನೇ ಕೇಳಿ. ಅಲ್ಲಿ ವಾಹನದ ಸದ್ದಿದೆ, ಆದರೆ ರಾತ್ರಿ ಕಡಿಮೆಯಾಗುತ್ತದೆ.