ಬ್ಯಾಬಿಲಾನ್ 5 ನೋಡಲೋ, ಡೀಪ್ ಸ್ಪೇಸ್ ನೈನ್ ನೋಡಲೋ?

ಎರಡೂ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಯುವ ಟಿವಿ ಸರಣಿಗಳೇ, ಕಥೆಯ ಹೆಣಿಗೆ ಮಾತ್ರ ಬೇರೆ. ಅಷ್ಟಾಗಿ ಹೆಸರು ಬಾರದ ಬ್ಯಾಬಿಲಾನ್ 5ಕ್ಕೆ (1994–98) ಐದು ಸೀಸನ್ನಿನ ನಕ್ಷೆ ಮೊದಲೇ ಸಿದ್ಧವಿತ್ತು. 110 ಕಂತುಗಳಲ್ಲಿ 92ನ್ನು ಸರಣಿಯ ಸೃಷ್ಟಿಕರ್ತ ಸ್ಟ್ರಾಜಿನ್‌ಸ್ಕಿ ಒಬ್ಬರೇ ಬರೆದರು. ಮೊದಲ ಕಂತಿನಲ್ಲೇ ರಾಯಭಾರಿ ಲಾಂಡೊ ತನ್ನ ಸಾವಿನ ಕನಸು ಹೇಳುತ್ತಾನೆ: ಶತ್ರು ಜನಾಂಗದ ರಾಯಭಾರಿ ಜಿಕಾರ್ ಅವನ ಕತ್ತು ಹಿಸುಕುತ್ತಿದ್ದಾನೆ. ಬರೀ ಹಗೆ ಅಂದುಕೊಳ್ಳುತ್ತೇವೆ. ಮೂರನೇ ಸೀಸನ್ನಿನಲ್ಲಿ ಅದೇ ದೃಶ್ಯ ಬಂದಾಗ ಅರ್ಥವೇ ತಿರುವುಮುರುವು (ಯಾಕೆಂದು ಇಲ್ಲಿ ಹೇಳುವುದಿಲ್ಲ). ಹಾಗಾಗಿ ಕಂತು ಹಾರಿಸಿದರೆ ಕೆಟ್ಟಿರಿ. ಮೊದಲ ಸೀಸನ್ ತೆವಳುತ್ತದೆ, ನಿಜ. ರದ್ದಾಗುವ ಭಯಕ್ಕೆ ನಾಲ್ಕನೆಯದರಲ್ಲಿ ಕಥೆ ಓಡುತ್ತದೆ. ಐದನೆಯದು ಅದಕ್ಕೇ ಜಾಳು.

ಡೀಪ್ ಸ್ಪೇಸ್ ನೈನ್ (1993–99) ಏಳು ಸೀಸನ್. ಕಥೆ ಹೋಗ್ತಾ ಹೋಗ್ತಾ ಕಟ್ಟಿಕೊಂಡದ್ದು. ಮುಖ್ಯ ಶತ್ರು ಸಾಮ್ರಾಜ್ಯವಾದ ಡೊಮಿನಿಯನ್ ಹೆಸರು ಕೇಳುವುದೇ ಎರಡನೇ ಸೀಸನ್ನಿನಲ್ಲಿ. ಬಿಡಿ ಕಂತುಗಳು ಗಟ್ಟಿ. ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ಇದೇ ಸರಿ.